ಗಂಡಭೇರುಂಡವೂ ಕೊನೆಯ ಶತ್ರುವೂ

ಎರಡನೆಯ ಮಹಾಯುದ್ಧದಲ್ಲಿ ಮೈಸೂರಿನ ಗಂಡಭೇರುಂಡ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನ ಮೇಲೆ ಹಾರಾಡಿತ್ತು ಎಂದರೆ ವಾಚಕರಲ್ಲಿ ಅನೇಕರು ಇದೇನೋ ಅಲಂಕಾರದ ಮಾತಿರಬೇಕೆಂದುಕೊಂಡಾರು. ಅಲಂಕಾರವಲ್ಲ, ನಡೆದ ಸಂಗತಿ. ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನಲ್ಲಿ 129ನೆಯ ದಳಕ್ಕೆ ‘ಮೈಸೂರು’ ಎಂದೇ ಹೆಸರು. 1941ರ ಜೂನ್ ತಿಂಗಳಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡ್ ಎಂಬಲ್ಲಿ ಸ್ಪಿಟ್‌ಫೈರ್ ವಿಮಾನಗಳೊಡನೆ ಅದು ಸಿದ್ಧವಾಯಿತು. ಅದರ ಲಾಂಛನದ ನಡುವೆ ಇದ್ದದ್ದು ನಮ್ಮ ಎರಡು ತಲೆಯ ಹಕ್ಕಿ. ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದ ಧ್ಯೇಯವಾಕ್ಯದ ಅರ್ಥ, ನ್ಯಾಯವಾದುದನ್ನು ನಾನು ಕಾಪಾಡುವೆನು ಎಂದು. ಮೈಸೂರು ವಿಶ್ವವಿದ್ಯಾನಿಲಯದ ಪದವಿಪತ್ರದ ಮೇಲೆ ಇದೇ ಹಕ್ಕಿಯನ್ನೂ ‘ಸತ್ಯಮೇವೋದ್ಧರಾಮ್ಯಹಂ’ ಎಂಬ ಮಾತನ್ನೂ ಕಂಡವರಿಗೆ ಈ ಧ್ಯೇಯವಾಕ್ಯ ಹೊಸದೆನಿಸುವುದಿಲ್ಲ. ನನ್ನ ಎಂ.ಎ. ಪತ್ರದ ಮೇಲೂ ಅದುಂಟು.

ಹೆಸರು ಬಂದದ್ದು ಕಾಣಿಕೆಯಿಂದ. 1940ರಲ್ಲಿ ಜರ್ಮನ್ನರು ಇಂಗ್ಲೆಂಡಿನ ಮೇಲೆ ಆಕಾಶಮಾರ್ಗವಾಗಿ ಏರಿಬಂದಾಗ, ಒಂದು ಸ್ಪಿಟ್‌ಫೈರಿಗೆ ಐದು ಸಾವಿರ ಪೌಂಡು ಎಂದು ಸರ್ಕಾರ ಒಂದು ಬೆಲೆ ಗೊತ್ತುಮಾಡಿತು. ನಿಜವಾದ ಖರ್ಚು ಅದಕ್ಕಿಂತ ಹೆಚ್ಚು. ಜನ ಕೊಡಲು ಒಪ್ಪುವಂಥ ಒಂದು ಗುಂಡು ಸಂಖ್ಯೆ ಬೇಕಾಗಿತ್ತು, ಅಷ್ಟೆ. ಒಂದರ ಬೆಲೆ ಕೊಟ್ಟವರ ಹೆಸರನ್ನು ವಿಮಾನದ ಮಗ್ಗುಲಲ್ಲಿ ಬರೆಯುತ್ತಿದ್ದರು. ದಳಕ್ಕಾಗುವಷ್ಟು ಕೊಟ್ಟ ಸಂಸ್ಥಾನಗಳ ಹೆಸರನ್ನು ದಳಕ್ಕೇ ಇಡುತ್ತಿದ್ದರು. ಹೀಗೆ 124ನೆಯದು ಬರೋಡದ ದಳವಾಯಿತು, 152ನೆಯದು ಹೈದರಾಬಾದಿನದಾಯಿತು. ನಿಜಾಮರಿಗೆ ಇದು ರೂಢಿಯಾಗಿದ್ದ ದಾನ. ಮೊದಲನೆಯ ಮಹಾಯುದ್ಧದಲ್ಲಿಯೇ ಅವರು 110ನೆಯ ದಳಕ್ಕೆ ವಿಮಾನ ಕೊಟ್ಟಿದ್ದರು. ಆಗ ಬೀದರ್, ಗುಲ್ಬರ್ಗ, ರಾಯಚೂರು ಅವರ ಕೈಕೆಳಗಿದ್ದವು. ಸಂಸ್ಥಾನದ ಬೊಕ್ಕಸವೆಂದರೆ ಕೊನೆಗೆ ರೈತನ ಕಂದಾಯವೇ ಆದುದರಿಂದ, ಕನ್ನಡದ ಹಣ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಯೂರೋಪಿನ ಆಕಾಶಕ್ಕೆ ಏರಿತೆನ್ನಬೇಕು.

ಮೈಸೂರು ಆ ಯುದ್ಧಕ್ಕೆ ಹಣ ಮಾತ್ರ ಕೊಟ್ಟಿತೆಂದಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ತೆರೆದರು. ಮರು ವರ್ಷ ನಮ್ಮ ಗುತ್ತೂರಿನ ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಅದು ಲೇತು ಮಾಡುವ ಕಾರ್ಖಾನೆ. ನಮ್ಮ ಕಡೆಯ ಎರಡು ತಲೆಮಾರಿನ ಜನ ಅದರ ಸೈರನ್ ಕೇಳಿ ಹೊತ್ತು ತಿಳಿದುಕೊಂಡವರು. ಇಂದು ಆ ಕಾರ್ಖಾನೆಯಿಲ್ಲ. ಇಷ್ಟೆಲ್ಲ ಆಗಿದ್ದರೂ ನಾನು ಓದಿದ, ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಓದಿಸುತ್ತ ಬಂದ ಪಠ್ಯಗಳಲ್ಲಿ ಒಂದರಲ್ಲಾದರೂ ಆ ದಳದ ಮಾತು ಬಂದುದಿಲ್ಲ. ವೀರರಸಕ್ಕೆ ಉದಾಹರಣೆ ಬೇಕಾದರೆ ಸಾವಿರ ವರ್ಷ ಹಿಂದಕ್ಕೆ ಹೋಗುತ್ತೇವೆ.

ಆ ದಳದ ಹುಡುಗರು ಎಂಥವರು, ಏನನ್ನು ಕಂಡರು, ಏನನ್ನು ನಂಬಿ ಸತ್ತರು ಎಂದು ತಿಳಿಯಬಯಸಿ ಪುಸ್ತಕ ಹುಡುಕಿ ಹೋದರೆ, ಯಾವ ದಾರಿ ಹಿಡಿದರೂ ಎದುರಾಗುವುದು ಒಂದು ಪುಸ್ತಕ. ಅದನ್ನು ಬರೆದವನು ಮೈಸೂರು ದಳದವನಲ್ಲ, 603ನೆಯ ದಳದವನು. ಆದರೆ ಯುದ್ಧವಿಮಾನದ ಪೈಲಟ್ ಎಂದರೆ ಇಂಥವನು ಎಂಬ ಕಲ್ಪನೆ ಓದುವ ಜನರ ಮನಸ್ಸಿನಲ್ಲಿ ನಿಂತದ್ದು ಅವನಿಂದ. ಹೆಸರು ರಿಚರ್ಡ್ ಹಿಲರಿ. ಪುಸ್ತಕ 1942ರಲ್ಲಿ ಹೊರಬಂದ ‘ದಿ ಲಾಸ್ಟ್ ಎನಿಮಿ’. ‘ಕೊನೆಯ ಶತ್ರು’ ಎನ್ನೋಣ. ಬೈಬಲ್ಲಿನಲ್ಲಿ ಆ ಕೊನೆಯ ಶತ್ರು ಸಾವು. ಈ ಪುಸ್ತಕವನ್ನು ಹೊಗಳುವವರು ಹೊಗಳುವ ಕಡೆಯಲ್ಲಿ ಅದರ ಸತ್ತ್ವವಿಲ್ಲ, ಬೇರೆ ಕಡೆ ಇದೆ ಎಂಬುದು ನನ್ನ ಅಭಿಪ್ರಾಯ.

ಹಿಲರಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ 1919ರಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ಓದಿದವನು. ಓದಿದ್ದಕ್ಕಿಂತ ದೋಣಿ ಹೊಡೆದದ್ದೇ ಹೆಚ್ಚು. ರೂಪವಂತ, ಮಾತುಗಾರ, ತನ್ನನ್ನು ತಾನೇ ಅಹಂಕಾರಿ ಎಂದು ಕರೆದುಕೊಳ್ಳುವಷ್ಟು ಅಹಂಕಾರಿ. ದೇಶಕ್ಕಾಗಿ ಹೋರಾಡುತ್ತೇನೆಂಬ ದೊಡ್ಡ ಮಾತು ಅವನಿಗೆ ಆಗದು. ಯುದ್ಧ ಬಂದದ್ದು ತನ್ನ ಬಾಳಿಗೆ ಒಂದು ಅನುಭವ ಒದಗಿಸಲಿಕ್ಕೆ ಎಂಬಂತೆ ಅವನ ಧಾಟಿ. ಸ್ನೇಹಿತ ಪೀಟರ್ ಪೀಸ್ ಎಂಬವನೊಡನೆ ರೈಲಿನಲ್ಲಿ ಕುಳಿತು ಇದನ್ನೇ ವಾದಿಸುತ್ತಾನೆ: ಪೀಟರ್ ಧರ್ಮವೆನ್ನುತ್ತಾನೆ, ಇವನು ‘ನಾನು’ ಎನ್ನುತ್ತಾನೆ. 1940ರ ಸೆಪ್ಟೆಂಬರ್ 3ರಂದು ಹಿಲರಿಯ ವಿಮಾನ ಉರಿದು ಕಡಲಿಗೆ ಬಿತ್ತು. ಮುಖ, ಕೈ ಸುಟ್ಟವು. ಅದೇ ತಿಂಗಳ 15ರಂದು ಪೀಟರ್ ಸತ್ತ. ಪುಸ್ತಕ ಅಚ್ಚಾಗಿ ವರ್ಷ ತುಂಬುವುದರೊಳಗೆ, 1943ರ ಜನವರಿ 8ರಂದು, ಪಟ್ಟು ಹಿಡಿದು ಮತ್ತೆ ಹಾರಲು ಹೋದ ಹಿಲರಿಯೂ ಸ್ಕಾಟ್ಲೆಂಡಿನಲ್ಲಿ ರಾತ್ರಿಯ ತಾಲೀಮಿನ ವೇಳೆ ಸತ್ತ. ಜೊತೆಗಿದ್ದ ದಾರಿಗಾರನೂ ಸತ್ತ. ಹಿಲರಿಗೆ ವಯಸ್ಸು ಇಪ್ಪತ್ತಮೂರು. ಅವನ ಸ್ನೇಹಿತ ಆರ್ಥರ್ ಕೋಸ್ಲರ್ ಅದೇ ವರ್ಷ ಬರೆದ ಪ್ರಬಂಧದಲ್ಲಿ ಈ ಹುಡುಗ ನೋಡುನೋಡುತ್ತಿರುವಂತೆ ಪುರಾಣವಾಗುತ್ತಿದ್ದಾನೆ ಎಂಬುದನ್ನು ಗುರುತಿಸಿದ.

ಹಿಲರಿಯನ್ನು ಜನ ಮೆಚ್ಚುವುದು ಮೊದಲಿಗೆ ಹಾರಾಟದ ಭಾಗಕ್ಕಾಗಿ. ಅವನು ಅಲ್ಲಿ ಒಂದು ಸಿದ್ಧಾಂತವನ್ನೇ ಹೂಡುತ್ತಾನೆ. ಫಿರಂಗಿ, ಕಂದಕ, ಬಾಂಬುಗಳ ಈ ಕಾಲದಲ್ಲಿ ಯುದ್ಧ ಸಾಮೂಹಿಕ ಕೊಲೆಯಾಗಿ ಕೆಟ್ಟಿದೆ. ಯುದ್ಧವಿಮಾನದವನಿಗೆ ಮಾತ್ರ ಹಳೆಯ ಕಾಲದ ದ್ವಂದ್ವಯುದ್ಧದ ಭಾಗ್ಯ ಉಳಿದಿದೆ. ಒಬ್ಬನಿಗೆ ಎದುರಾಗಿ ಒಬ್ಬ, ಗೆದ್ದವನು ಬದುಕಿದ, ಸೋತವನು ಸತ್ತ, ದ್ವೇಷವಿಲ್ಲ, ಹೇಸಿಗೆಯಿಲ್ಲ. ಮೊದಲ ಬಾರಿ ಶತ್ರುವಿಮಾನವನ್ನು ಕೆಡವಿದಾಗ ಅವನಿಗಾದದ್ದು ಒಂದು ಬಗೆಯ ತೃಪ್ತಿ: ಆತ ಸತ್ತ, ತಾನಿದ್ದೇನೆ, ಇದು ತಿರುಗಾಮುರುಗಾ ಆಗಬಹುದಾಗಿತ್ತು, ಆದರೂ ಸರಿಯೇ. ಓದುವಾಗ ಮೈ ಜುಮ್ಮೆನ್ನುತ್ತದೆ. ನಮ್ಮ ಪಂಪನೂ ಕಲಿ. ಅವನ ಅರ್ಜುನನೂ ಕರ್ಣನೂ ಹೀಗೆಯೇ ಎದುರುಬದುರು ನಿಲ್ಲುವವರು. ಕನ್ನಡದ ಮೇಷ್ಟ್ರಾದ ನನಗೆ ಈ ಸಿದ್ಧಾಂತ ಹಿಡಿಸಬೇಕು. ಹಿಡಿಸಲಿಲ್ಲ.

ಏಕೆಂದರೆ ಅದು ನಿಜವಲ್ಲ. ಸ್ಪಿಟ್‌ಫೈರಿನ ರೆಕ್ಕೆಗಳಲ್ಲಿ ಎಂಟು ಮೆಷಿನ್‌ಗನ್. ಒಟ್ಟು ಗುಂಡು ಸುಮಾರು ಹದಿನೈದು ಸೆಕೆಂಡಿಗಾಗುವಷ್ಟು. ಗಂಟೆಗೆ ಐನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಒಬ್ಬರ ಮುಖ ಒಬ್ಬರು ಕಾಣುವುದೆಲ್ಲಿ ಬಂತು? ಬಿದ್ದವರಲ್ಲಿ ಬಹುಪಾಲು ಜನ ತಮ್ಮನ್ನು ಹೊಡೆದವನನ್ನು ನೋಡಿಯೇ ಇರಲಿಲ್ಲ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಹಿಂದಿನಿಂದ ಎರಗುವುದೇ ಈ ಯುದ್ಧದ ವಿದ್ಯೆ. ಹಿಲರಿ ಬಿದ್ದದ್ದಾದರೂ ಹೇಗೆ? ಎದುರಿಗಿದ್ದ ಮೆಸ್ಸರ್‌ಸ್ಮಿಟ್ಟನ್ನು ಮುಗಿಸಿಯೇ ತೀರಬೇಕೆಂದು ಅದರ ಬೆನ್ನು ಬಿಡದೆ ಗುಂಡು ಹಾರಿಸುತ್ತಿದ್ದಾಗ ಹಿಂದಿನಿಂದ ಬಂದವನೊಬ್ಬ ಅವನನ್ನು ಹೊಡೆದ. ತನ್ನ ಸಿದ್ಧಾಂತವನ್ನು ಸುಳ್ಳುಮಾಡುವ ಘಟನೆಯನ್ನು ಹಿಲರಿ ತಾನೇ ಪುಸ್ತಕದ ಮೊದಲ ಪುಟಗಳಲ್ಲಿಟ್ಟಿದ್ದಾನೆ. ಸಿದ್ಧಾಂತ ಬರುವುದು ಆಮೇಲೆ. ಇದು ಅವನಿಗೆ ಗೊತ್ತಿದ್ದು ಮಾಡಿದ್ದೋ ಗೊತ್ತಿಲ್ಲದೆ ಆದದ್ದೋ, ಹೇಗಾದರೂ ಪುಸ್ತಕಕ್ಕೆ ಅದು ಲಾಭವೇ ಆಗಿದೆ.

ಇಲ್ಲಿ ನಮ್ಮ ವೀರಗಲ್ಲಿನ ಮಾತು ಎತ್ತಿದರೆ ವಾಚಕರು ಬೇಸರಿಸಬಾರದು. ತುಂಗಭದ್ರೆಯ ಈ ದಂಡೆಯಲ್ಲೂ ಆ ದಂಡೆಯಲ್ಲೂ ವೀರಗಲ್ಲಿಲ್ಲದ ಊರು ಕಡಮೆ. ಹನುಮಪ್ಪನ ಗುಡಿಯ ಮಗ್ಗುಲಲ್ಲೋ ಕೆರೆಯ ಏರಿಯ ಮೇಲೋ ಎಣ್ಣೆ ಕುಂಕುಮ ಹಚ್ಚಿಸಿಕೊಂಡು ನಿಂತಿರುತ್ತದೆ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ: ಬಾಣ ನಾಟಿದ ಮೈ, ಕಾಲಿಗೆ ಸಿಕ್ಕ ಹೆಣ, ಕೆಲವು ಕಲ್ಲುಗಳಲ್ಲಿ ಕಳ್ಳರು ಹೊಡೆದುಕೊಂಡು ಹೋಗುತ್ತಿರುವ ದನ. ನಡುವೆ ಅಪ್ಸರೆಯರು ವೀರನನ್ನು ವಿಮಾನದಲ್ಲಿ ಕೂರಿಸಿಕೊಂಡು ಮೇಲಕ್ಕೊಯ್ಯುವುದು. ಮೇಲೆ ಕೈಲಾಸ, ಶಿವಲಿಂಗ, ಸೂರ್ಯಚಂದ್ರರು. ತರಗತಿಯಲ್ಲಿ ಇದನ್ನು ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಸರ್, ವಿಮಾನ ಹತ್ತಿದವನು ಮತ್ತೆ ಇಳಿದದ್ದು ಯಾವ ಕಲ್ಲಿನಲ್ಲಾದರೂ ಉಂಟೋ?” ಎಂದು ಕೇಳಿದ. ಎಲ್ಲರೂ ನಕ್ಕರು. ಪ್ರಶ್ನೆ ಮಾತ್ರ ಒಳ್ಳೆಯದು. ಇಳಿಯುವುದಿಲ್ಲ. ಕಲ್ಲನ್ನು ನಿಲ್ಲಿಸಿದವರು ಬದುಕಿ ಉಳಿದವರು. ಕೆಳಗಿನ ಅಂತಸ್ತು ಅವರು ಕಂಡದ್ದು, ಮೇಲಿನವೆರಡು ಅವರಿಗೆ ಬೇಕಾದದ್ದು.

ಪೈಲಟ್ಟುಗಳನ್ನು ಕುರಿತ ಪುಸ್ತಕಗಳು ಸಾಮಾನ್ಯವಾಗಿ ನಡುವಣ ಅಂತಸ್ತಿನಲ್ಲೇ ವಾಸ ಮಾಡುತ್ತವೆ. ಮೋಡ, ಬೆಳಕು, ವೇಗ, ಗೆಳೆತನ, ಸಂಜೆ ಬಿಯರು. ಸತ್ತವನು ಮರಳಿ ಬರಲಿಲ್ಲ ಎಂದಷ್ಟೇ ಬರುತ್ತದೆ; ಹೇಗೆ ಸತ್ತ ಎಂಬುದು ಬರುವುದಿಲ್ಲ. ಕಂದಕದಲ್ಲಿ ಹೋರಾಡಿದವನು ಹೆಣದ ಪಕ್ಕದಲ್ಲಿ ಮಲಗಬೇಕು, ಆಕಾಶದಲ್ಲಿ ಹೋರಾಡಿದವನ ಪಕ್ಕದ ಹಾಸಿಗೆ ಖಾಲಿಯಾಗುತ್ತದೆ ಅಷ್ಟೆ. ಈ ಯುದ್ಧದ ಸಾಹಿತ್ಯಕ್ಕೆ ಇಷ್ಟೊಂದು ಚೆಲುವು ಬಂದಿರುವುದು ಅದರಿಂದಲೇ; ಅದನ್ನು ನಾವು ಸ್ವಲ್ಪ ಅನುಮಾನದಿಂದ ನೋಡಬೇಕಾಗಿರುವುದೂ ಅದರಿಂದಲೇ.

ಹಿಲರಿಯ ಹಿರಿಮೆ ಎಂದರೆ ಅವನು ವಿಮಾನದಿಂದ ಇಳಿದ. ಇಳಿದನೆಂದರೆ, ಬಿದ್ದ. ವಿಮಾನದ ಗಾಜಿನ ಮುಚ್ಚಳ ಸಿಕ್ಕಿಕೊಂಡು ತೆರೆಯಲೊಲ್ಲದು, ಕೆಳಗಿನಿಂದ ಬೆಂಕಿ ಮೇಲೆದ್ದು ಬರುತ್ತಿದೆ. ಕಡಲಿನಲ್ಲಿ ತೇಲುತ್ತ, ಇನ್ನು ಸಾಕೆಂದು ಜೀವರಕ್ಷಕ ಕವಚದ ಗಾಳಿ ತಾನೇ ಬಿಟ್ಟು ಮುಳುಗಲು ನೋಡುತ್ತಾನೆ. ಮೈಗೆ ಸುತ್ತಿಕೊಂಡ ಪ್ಯಾರಾಚೂಟು ಮುಳುಗಗೊಡುವುದಿಲ್ಲ, ಅದನ್ನು ಬಿಚ್ಚೋಣವೆಂದರೆ ಬೆರಳಿಲ್ಲ. ಸಾಯುವುದಕ್ಕೂ ಕೈ ಬೇಕು ಎಂಬುದನ್ನು ಇಷ್ಟು ನಿರ್ಭಾವದಿಂದ ಬರೆದವರನ್ನು ನಾನು ಬೇರೆ ಕಾಣೆ. ಮಾರ್ಗೇಟಿನ ರಕ್ಷಣಾ ದೋಣಿಯವರು ಬಂದು ಎತ್ತಿಕೊಂಡರು.

ಅಲ್ಲಿಂದ ಮುಂದಿನ ಆಸ್ಪತ್ರೆಯ ಅಧ್ಯಾಯಗಳೇ ಈ ಪುಸ್ತಕ. ಮೊದಲು ಅವನ ಕೈಗಳಿಗೆ ಟ್ಯಾನಿಕ್ ಆಮ್ಲ ಬಳಿದರು. ನಮ್ಮ ಕಡೆ ಚರ್ಮ ಹದಮಾಡಲು ತಂಗಡಿ ತೊಗಟೆ ಹಾಕುವರಲ್ಲ, ಆ ತೊಗಟೆಯ ಒಗರಿನಲ್ಲಿರುವ ವಸ್ತುವೇ ಅದು. ಸುಟ್ಟ ಮೈಯ ಮೇಲೆ ಗಟ್ಟಿ ಹೊಪ್ಪಳೆ ಕಟ್ಟಿ ಬೆರಳುಗಳನ್ನು ಮುದುರಿಬಿಡುತ್ತದೆ. ಈ ಚಿಕಿತ್ಸೆಯನ್ನು ನಿಲ್ಲಿಸಬೇಕೆಂದು ಹಟ ಹಿಡಿದವರು ಈಸ್ಟ್ ಗ್ರಿನ್‌ಸ್ಟೆಡ್ ಎಂಬ ಊರಿನ ಆಸ್ಪತ್ರೆಯಲ್ಲಿದ್ದ ಆರ್ಚಿಬಾಲ್ಡ್ ಮೆಕಿಂಡೋ. ಕಡಲಿಗೆ ಬಿದ್ದ ಪೈಲಟ್ಟುಗಳ ಗಾಯ ನೆಲಕ್ಕೆ ಬಿದ್ದವರದಕ್ಕಿಂತ ಚೆನ್ನಾಗಿ ಮಾಯುವುದನ್ನು ಗಮನಿಸಿ ಅವರು ಉಪ್ಪುನೀರಿನ ಸ್ನಾನವನ್ನು ಜಾರಿಗೆ ತಂದರು. ಹಿಲರಿಗೆ ಹೊಸ ರೆಪ್ಪೆ ಕಟ್ಟಿದವರು ಅವರೇ: ಮೊದಲು ಮೇಲಿನವು, ಆಮೇಲೆ ಕೆಳಗಿನವು. ಅಷ್ಟರವರೆಗೆ ಅವನಿಗೆ ಕಣ್ಣು ಮುಚ್ಚಿ ನಿದ್ದೆ ಮಾಡುವ ಸುಖವೂ ಇರಲಿಲ್ಲ. ಆ ವಾರ್ಡಿನ ಹುಡುಗರು 1941ರಲ್ಲಿ ತಮ್ಮದೊಂದು ಸಂಘ ಕಟ್ಟಿಕೊಂಡು, ಪ್ರಯೋಗಶಾಲೆಯ ಪ್ರಾಣಿಯ ಹೆಸರನ್ನೇ ಅದಕ್ಕಿಟ್ಟು ‘ಗಿನಿಪಿಗ್ ಕ್ಲಬ್’ ಎಂದರು. ಊರಿನವರು ಅವರನ್ನು ಬೀದಿಯಲ್ಲಿ ಕಂಡಾಗ ದಿಟ್ಟಿಸಿ ನೋಡದಿರುವುದನ್ನು ಅಭ್ಯಾಸ ಮಾಡಿಕೊಂಡರು.

ಈ ಭಾಗದಲ್ಲಿ ಹಿಲರಿಯ ಗದ್ಯವೇ ಬೇರೆಯಾಗುತ್ತದೆ. ಆಕ್ಸ್‌ಫರ್ಡಿನ ಚಮತ್ಕಾರ ಉದುರಿಹೋಗುತ್ತದೆ. ಸಿಡುಕು, ಹೊಟ್ಟೆಕಿಚ್ಚು, ದಾದಿಯರ ಮೇಲಿನ ರೇಗಾಟ, ತನಗಿಂತ ಹೆಚ್ಚು ಸುಟ್ಟವನನ್ನು ಕಂಡಾಗಿನ ಭಯ, ಯಾವುದನ್ನೂ ಮುಚ್ಚುವುದಿಲ್ಲ. ಕಾಳಗದ ಪುಟಗಳಲ್ಲಿ ಸತ್ತವರಿಗೆ ಹೆಸರು ಮಾತ್ರವಿದೆ; ವಾರ್ಡಿನಲ್ಲಿರುವವರಿಗೆ ಮೈಯಿದೆ, ವಾಸನೆಯಿದೆ. ವೀರಗಲ್ಲಿನ ಕೆಳಗಿನ ಅಂತಸ್ತೆಂದರೆ ಇದೇ. ವೀರರಸದ ಹುಡುಗನೊಬ್ಬನನ್ನು ಬೀಭತ್ಸಕ್ಕೆ ತಂದು ನಿಲ್ಲಿಸಿ, ಅಲ್ಲಿ ಅವನು ಮನುಷ್ಯನಾಗುವುದನ್ನು ನಮಗೆ ತೋರಿಸುವ ಆ ಐವತ್ತು ಅರವತ್ತು ಪುಟಗಳಿಗೆ ಸರಿಸಾಟಿಯಾದದ್ದು ಆ ಯುದ್ಧದ ಬರವಣಿಗೆಯಲ್ಲಿ ವಿರಳ.

ಆದರೆ ಹಿಲರಿ ಅಲ್ಲಿಗೆ ನಿಲ್ಲಿಸಲಿಲ್ಲ. ಕೊನೆಯಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದ ಒಂದು ರಾತ್ರಿ. ಕುಸಿದ ಮನೆಯ ಅವಶೇಷವನ್ನು ಅಗೆದು ಒಬ್ಬ ಹೆಂಗಸನ್ನು ಹೊರತೆಗೆಯುತ್ತಾರೆ, ಅವಳ ಮಗು ಸತ್ತಿದೆ. ಸಾಯುತ್ತಿರುವ ಅವಳು ಇವನ ಸುಟ್ಟ ಮುಖ ನೋಡಿ, ನೀನೂ ನನ್ನ ಹಾಗೆ ಪೆಟ್ಟು ತಿಂದವನೇ ಎಂಬರ್ಥದ ಮಾತಾಡುತ್ತಾಳೆ. ಅಷ್ಟಕ್ಕೆ ಇವನ ಅಹಂಕಾರದ ಕೋಟೆ ಒಡೆದು, ಪೀಟರ್ ಹೇಳುತ್ತಿದ್ದುದು ಅರ್ಥವಾಗಿ, ಮನುಷ್ಯಕುಲಕ್ಕಾಗಿ ತಾನು ಬರೆಯಬೇಕೆಂಬ ಸಂಕಲ್ಪ ಹುಟ್ಟುತ್ತದೆ. ವಿಮರ್ಶಕರು ಅನೇಕರು ಕಣ್ಣೊರಸಿಕೊಂಡದ್ದು ಇಲ್ಲಿಯೇ. ಆ ಘಟನೆ ನಿಜವಾಗಿ ನಡೆಯಿತೇ ಎಂಬ ಸಂದೇಹವೂ ಹಿಂದಿನಿಂದ ಇದೆ. ನಡೆದಿರಲಿ, ನಡೆಯದಿರಲಿ, ನನ್ನ ಆಕ್ಷೇಪಣೆ ಅದಲ್ಲ. ಆ ಹೆಂಗಸು ಅಲ್ಲಿ ಬಂದಿರುವುದು ತನ್ನ ಸಾವನ್ನು ಸಾಯಲಿಕ್ಕಲ್ಲ, ಹಿಲರಿಗೆ ಜ್ಞಾನೋದಯ ಮಾಡಿಸಲಿಕ್ಕೆ. ಅವಳ ಮಗುವಿನ ಕಡೆ ಅವನು ಮತ್ತೆ ತಿರುಗಿ ನೋಡುವುದಿಲ್ಲ. ಕೆಳಗಿನ ಅಂತಸ್ತಿನಲ್ಲಿ ಅಷ್ಟು ಹೊತ್ತು ನಿಂತವನು ಒಂದೇ ನೆಗೆತಕ್ಕೆ ಕೈಲಾಸದ ಅಂತಸ್ತಿಗೆ ಹಾರಿಬಿಟ್ಟ. 1941ರಲ್ಲಿ ಅವನನ್ನು ಪ್ರಚಾರಕ್ಕೆಂದು ಅಮೆರಿಕಕ್ಕೆ ಕಳಿಸಿ, ಆ ಮುಖ ನೋಡಿದರೆ ತಾಯಂದಿರು ಹೆದರಿಯಾರೆಂದು ಸಭೆಗಳಿಗೆ ಹೋಗಗೊಡದೆ ಇಟ್ಟರು. ಮುಖ ತೋರಿಸಬಾರದೆಂದವರಿಗೆ ಅವನು ಕೊಟ್ಟದ್ದು ಈ ಪುಸ್ತಕ. ಅವರು ಬಯಸಿದ ಮುಖವನ್ನು ಕೊನೆಯ ಅಧ್ಯಾಯದಲ್ಲಿ ಜೋಡಿಸಿಕೊಟ್ಟನೇನೋ ಎಂದು ನನಗೆ ಅನ್ನಿಸುವುದುಂಟು. ಇಪ್ಪತ್ತೆರಡು ವರ್ಷದ ಹುಡುಗನ ಮೇಲೆ ಇದು ಕಠಿನವಾದ ಮಾತು. ಆದರೂ ಆಡಬೇಕಾದ ಮಾತು.

ರನ್ನನ ‘ಗದಾಯುದ್ಧ’ವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ದುರ್ಯೋಧನ ರಣಭೂಮಿಯಲ್ಲಿ ಹೆಣಗಳ ನಡುವೆ ದಾರಿ ಬಿಡಿಸಿಕೊಂಡು ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ. ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಾನೆ. ಅಭಿಮನ್ಯುವಿನ ಮುಂದೆಯೂ ನಿಲ್ಲುತ್ತಾನೆ. ಅವನು ಹಗೆಯ ಮಗ. ಅವನನ್ನು ಸುತ್ತುಗಟ್ಟಿ ಕೊಂದವರು ತನ್ನವರೇ. ಆದರೂ ಆ ಎಳೆಯನ ಸಾಹಸವನ್ನು ಹೊಗಳಿ, ತನಗೂ ಅಂಥ ಮರಣ ದೊರೆಯಲೆಂದು ಬೇಡುತ್ತಾನೆ. ಅಲ್ಲಿ ಜ್ಞಾನೋದಯವೇನೂ ಆಗುವುದಿಲ್ಲ. ಛಲವನ್ನೂ ಬಿಡುವುದಿಲ್ಲ. ಹಗೆಯ ಹೆಣದ ಮುಂದೆ ಒಂದು ಗಳಿಗೆ ನಿಂತ, ಅಷ್ಟೇ. ಆ ನಿಲುವಿಗೆ ಸಾವಿರ ವರ್ಷ ಬಾಳುವ ಶಕ್ತಿ ಬಂತು. ಹಿಲರಿಗೆ ಈ ಅವಕಾಶವೇ ಇರಲಿಲ್ಲ, ಅವನು ಕೆಡವಿದವರ ಹೆಣ ಕಡಲಿನಲ್ಲಿ ಹೋಯಿತು. ಕಾಣದಂತೆ ಕೊಲ್ಲುವ ಯುದ್ಧದಲ್ಲಿ ರನ್ನನಿಗೆ ಕೆಲಸವಿಲ್ಲ. ಶತ್ರುವನ್ನು ಕಾಣಲಾರದ್ದಕ್ಕೇ ಹಿಲರಿ ತನ್ನ ಕಡೆಯ ಒಬ್ಬ ಹೆಂಗಸನ್ನು ಹುಡುಕಿಕೊಂಡ ಎನ್ನಬಹುದು.

ಕೆಳಗೆ ನೋಡಿ ಬರೆದ ಪೈಲಟ್ ಒಬ್ಬನಿದ್ದಾನೆ, ಫ್ರಾನ್ಸಿನ ಸೇಂಟ್ ಎಕ್ಸುಪರಿ. ಅವನು ಕಾದಾಡುವ ಪೈಲಟ್ಟಲ್ಲ. ಶತ್ರುವಿನ ನೆಲದ ಮೇಲೆ ಹಾರಿ ನೋಡಿಬರುವುದು, ಚಿತ್ರ ತೆಗೆಯುವುದು ಅವನ ಕೆಲಸ. 1940ರ ಮೇ ತಿಂಗಳಲ್ಲಿ ಫ್ರಾನ್ಸ್ ಕುಸಿಯುತ್ತಿದ್ದಾಗ ಅರಾಸ್ ಪಟ್ಟಣದ ಮೇಲೆ ಹಾರಿಬಂದ ಒಂದು ದಿನವನ್ನೇ ಹಿಡಿದು 1942ರಲ್ಲಿ ಒಂದು ಪುಸ್ತಕ ಬರೆದ. ತಂದ ಸುದ್ದಿಯನ್ನು ಕೇಳಲು ಸೇನೆಯೇ ಉಳಿದಿಲ್ಲ. ಅದು ಗೊತ್ತಿದ್ದೂ ಹೋಗುತ್ತಾನೆ. ಮೇಲಿನಿಂದ ಅವನಿಗೆ ಕಾಣುವುದು ರಸ್ತೆಯುದ್ದಕ್ಕೂ ಗಾಡಿ, ಹಾಸಿಗೆ, ಮಕ್ಕಳು, ಊರು ಬಿಟ್ಟು ಓಡುತ್ತಿರುವ ಜನ. ಅವನಿಗೂ ಕೊನೆಯಲ್ಲಿ ಉಪದೇಶದ ಚಟ ಬಿಡದು, ಹಿಲರಿಗಿಂತಲೂ ಒಂದು ಕೈ ಹೆಚ್ಚೇ. ಆದರೆ ಆ ರಸ್ತೆ ಮರೆಯುವಂತಿಲ್ಲ. 1944ರ ಜುಲೈ 31ರಂದು ಕಾರ್ಸಿಕಾದಿಂದ ಹಾರಿದವನು ಮರಳಲಿಲ್ಲ. ಅವನ ವಿಮಾನದ ಚೂರುಗಳು ಮಾರ್ಸೇಲ್ ಬಳಿಯ ಕಡಲಿನಲ್ಲಿ ಸಿಕ್ಕಿದ್ದು 2000ದ ಈಚೆಗೆ.

ಇನ್ನು ನಮ್ಮವರು. 1940ರಲ್ಲಿ ಭಾರತದಿಂದ 24 ಜನ ವೈಮಾನಿಕರು ಇಂಗ್ಲೆಂಡಿಗೆ ಹೋದರು. ಅವರಲ್ಲೊಬ್ಬರು ಸಿಮ್ಲಾದಲ್ಲಿ ಹುಟ್ಟಿದ ಮಹಿಂದರ್ ಸಿಂಗ್ ಪುಜ್ಜಿ. ರುಮಾಲು ತೆಗೆಯಲೊಪ್ಪದೆ ಅದರ ಮೇಲೆಯೇ ಶ್ರವಣಯಂತ್ರ ಕಟ್ಟಿಕೊಂಡು ಹರಿಕೇನ್ ವಿಮಾನ ಹಾರಿಸಿದವರು. ಒಮ್ಮೆ ಪೆಟ್ಟು ತಿಂದ ವಿಮಾನವನ್ನು ಡೋವರಿನ ಬಳಿ ನೆಲಕ್ಕೆ ತಂದು ಬದುಕಿದರು. ತೊಂಬತ್ತು ದಾಟಿದ ಮೇಲೆ, ತಾವು ತೀರಿಕೊಂಡ 2010ರಲ್ಲೇ, ಆತ್ಮಕಥೆ ಹೊರತಂದರು. ಸಾಹಿತ್ಯವೆಂದು ಅದನ್ನು ಹಿಲರಿಯ ಪಕ್ಕದಲ್ಲಿಡಲಾಗದು. ಆದರೆ ಅದರ ಹೆಸರೊಂದೇ ಸಾಕು. ಇಂಗ್ಲಿಷರು ರಾಜನಿಗಾಗಿ, ದೇಶಕ್ಕಾಗಿ ಎನ್ನುವ ಕಡೆ ಪುಜ್ಜಿಯವರು ‘ರಾಜನಿಗಾಗಿ, ಮತ್ತೊಂದು ದೇಶಕ್ಕಾಗಿ’ ಎಂದಿಟ್ಟರು. ಮತ್ತೊಂದು ಎಂಬ ಆ ಒಂದು ಪದವನ್ನು ಹಿಲರಿ ತನ್ನ ಇಡೀ ಪುಸ್ತಕದಲ್ಲಿ ಯೋಚಿಸಬೇಕಾಗಿ ಬರಲಿಲ್ಲ. ಅವನಿಗೆ ದೇಶವೆಂಬುದು ನಂಬಬಹುದಾದ, ಬಿಡಬಹುದಾದ ಒಂದು ಭಾವನೆ. ನಂಬದಿದ್ದರೂ ಅದು ಅವನದೇ.

ಮೈಸೂರು ದಳದ ಕತೆಗೂ ಈ ಪದ ಅಂಟಿಕೊಂಡಿದೆ. 1942ರ ಆಗಸ್ಟ್ 19ರಂದು ಮಿತ್ರಸೇನೆ ಫ್ರಾನ್ಸಿನ ದಿಯೆಪ್ ಬಂದರಿನ ಮೇಲೆ ದಾಳಿ ಮಾಡಿ ಸೋತಾಗ, ಆ ಒಂದೇ ದಿನ ಬ್ರಿಟಿಷರು ನೂರರಷ್ಟು ವಿಮಾನ ಕಳೆದುಕೊಂಡರು. ಗಂಡಭೇರುಂಡದ ದಳ ಆ ದಿನ ಅಲ್ಲಿ ಹೋರಾಡಿತು. ಅದಾಗಿ ನಲವತ್ತು ದಿನಕ್ಕೆ, ಸೆಪ್ಟೆಂಬರ್ 28ರಂದು, ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ, ತಮಗೆ ತಾವೇ ಸ್ವತಂತ್ರರೆಂದು ಸಾರಿಕೊಂಡಿದ್ದ ಊರಿನವರಿಗೂ ಸರ್ಕಾರದವರಿಗೂ ಘರ್ಷಣೆಯಾಗಿ ಅಮಲ್ದಾರನೂ ಪೊಲೀಸ್ ಅಧಿಕಾರಿಯೂ ಸತ್ತರು. 1943ರ ಮಾರ್ಚಿನಲ್ಲಿ ಈಸೂರಿನ ಐವರನ್ನು ಮೈಸೂರು ಸರ್ಕಾರ ಗಲ್ಲಿಗೇರಿಸಿತು. ಅದೇ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬವೊಂದಿದೆ, ಅದರ ತುದಿಯ ಮೂರ್ತಿ ಗಂಡಭೇರುಂಡ. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆ ಕೊಕ್ಕಿನಲ್ಲಿ, ಉಗುರಿನಲ್ಲಿ ಆನೆಗಳನ್ನು ಹಿಡಿದು ಹಾರುವ ಹಕ್ಕಿಯೂ ಇದೇ. ನ್ಯಾಯವಾದುದನ್ನು ಕಾಪಾಡುವೆನೆಂಬ ಮಾತನ್ನು ಕಾಲುಗಳಲ್ಲಿ ಹಿಡಿದುಕೊಂಡು ಅದು ದಿಯೆಪ್ಪಿನ ಮೇಲೆ ಹಾರುವಾಗ ಈಸೂರಿನಲ್ಲಿ ನ್ಯಾಯ ಯಾವ ಕಡೆಗಿತ್ತು ಎಂದು ಕೇಳದೆ ಆ ಲಾಂಛನವನ್ನು ಓದುವುದು ನನಗೆ ಸಾಧ್ಯವಾಗುವುದಿಲ್ಲ. ಹಿಟ್ಲರನನ್ನು ತಡೆಯಬೇಕಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ತಡೆದ ಹುಡುಗರ ಧೈರ್ಯದಲ್ಲೂ ಇಲ್ಲ. ಎರಡು ತಲೆಯ ಹಕ್ಕಿಗೆ ಎರಡು ಕಡೆಯೂ ನೋಟವಿರಬೇಕು ಎಂದು ಮಾತ್ರ ನಾನು ಹೇಳುತ್ತಿರುವುದು.

ಆ ದಳದಲ್ಲಿದ್ದವರಲ್ಲೂ ಪರದೇಶದ ಕಾಣಿಕೆಯ ಹೆಸರನ್ನು ಹೊತ್ತು ತಮ್ಮ ನಾಡಿಗಾಗಿ ಕಾದಿದವರುಂಟು. 1943ರಲ್ಲಿ ಅದರ ಮುಖ್ಯಸ್ಥನಾಗಿದ್ದವನು ಬೆಲ್ಜಿಯಮ್ಮಿನ ಆನ್ರಿ ಗೋನೇ. ಅವನ ದೇಶ ಆಗ ಜರ್ಮನ್ನರ ಕೈಯಲ್ಲಿತ್ತು. ಮುಂದೆ ಬೇರೊಂದು ದಳದ ಮುಖ್ಯಸ್ಥನಾಗಿದ್ದಾಗ, 1944ರ ಜೂನಿನಲ್ಲಿ, ಜರ್ಸಿ ದ್ವೀಪದಲ್ಲಿ ಅವನ ವಿಮಾನ ಬಿದ್ದು ಸತ್ತ. ಆ ವರ್ಷ ದಳಕ್ಕೆ ಮಸ್ಟಾಂಗ್ ವಿಮಾನ ಬಂದು, ಕೂಲಮ್ ಎಂಬ ತಾತ್ಕಾಲಿಕ ನಿಲ್ದಾಣದಲ್ಲಿ ಪೋಲೆಂಡಿನವರ ಎರಡು ದಳಗಳೊಡನೆ ಅದು ಬಿಡಾರ ಹೂಡಿತು. ಪೋಲೆಂಡಿನವರಿಗೂ ಮರಳಲು ಊರಿರಲಿಲ್ಲ. ಒಂದೇ ಬಯಲಿನಲ್ಲಿ ಮೈಸೂರಿನ ಹಕ್ಕಿ, ವಾರ್ಸಾದಿಂದ ಓಡಿಬಂದ ಹುಡುಗರು: ಕಾದಂಬರಿಕಾರನೊಬ್ಬ ಕಲ್ಪಿಸಿಕೊಂಡಿದ್ದರೆ ನಾವು ಅತಿಯಾಯಿತೆನ್ನುತ್ತಿದ್ದೆವು.

ಅವರೆಲ್ಲರೂ ಆ ಬೇಸಗೆಯಲ್ಲಿ ಬೇಟೆಯಾಡಿದ್ದು ವಿಚಿತ್ರವಾದ ಶತ್ರುವನ್ನು. ಜೂನ್ 13ರಿಂದ ಜರ್ಮನ್ನರು ಲಂಡನ್ನಿನ ಮೇಲೆ ಬಿಡತೊಡಗಿದ ವಿ-1 ಹಾರುಬಾಂಬು. ಅದರಲ್ಲಿ ಪೈಲಟ್ ಇಲ್ಲ. ಮೋಟಾರ್ ಸೈಕಲ್ಲಿನಂತೆ ಪಟಪಟ ಸದ್ದು ಮಾಡುತ್ತ ಗಂಟೆಗೆ ಆರುನೂರು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಟ್ಟಗೆ ಬರುತ್ತದೆ. ಸದ್ದು ನಿಂತರೆ ಕೆಳಗಿದ್ದವರು ಉಸಿರು ಬಿಗಿಹಿಡಿಯಬೇಕು, ಅದು ಬೀಳುತ್ತಿದೆ ಎಂದರ್ಥ. ತೀರ ಹತ್ತಿರದಿಂದ ಹೊಡೆದರೆ ಸಿಡಿತಕ್ಕೆ ಹೊಡೆದವನೂ ಹೋದ. ಮೈಸೂರು ದಳ ಬ್ರೆನ್‌ಜೆಟ್ಟಿಗೆ ಹೋಗಿ ನಿಂತು ಇಂಥ ಹಲವಾರು ಬಾಂಬುಗಳನ್ನು ಆಕಾಶದಲ್ಲೇ ಕೆಡವಿತು. ಹಿಲರಿ ಬದುಕಿದ್ದಿದ್ದರೆ ತನ್ನ ದ್ವಂದ್ವಯುದ್ಧದ ಸಿದ್ಧಾಂತವನ್ನು ಇದಕ್ಕೆ ಹೇಗೆ ಹೊಂದಿಸುತ್ತಿದ್ದನೋ! ಎರಡು ತಲೆಯ ಹಕ್ಕಿಗೆ ಎದುರಾಳಿ, ತಲೆಯೇ ಇಲ್ಲದ ಹಕ್ಕಿ. ಆದರೆ ಆ ಯುದ್ಧದಲ್ಲಿ ಯಾರನ್ನೂ ಕೊಲ್ಲದೆ ನೇರವಾಗಿ ಕೆಳಗಿನವರನ್ನು ಉಳಿಸಿದ ಹಾರಾಟ ಯಾವುದೆಂದರೆ ಇದನ್ನೇ ಹೇಳಬೇಕು. ಇದರ ಮೇಲೆ ಹಿಲರಿಯ ಮಟ್ಟದ ಪುಸ್ತಕ ಹುಟ್ಟಲಿಲ್ಲ. ವೀರರಸಕ್ಕೆ ಎದುರಿಗೊಬ್ಬ ಬೇಕು.

ಇಂಥ ದಳಗಳ ನಿಜವಾದ ಶಾಸನವೆಂದರೆ ಅವು ಇಡಲೇಬೇಕಾಗಿದ್ದ ದಿನಚರಿಯ ಕಡತ. ಬ್ರಿಟಿಷರು ಅದಕ್ಕೆ ನಮೂನೆ 540, 541 ಎಂದು ಅಚ್ಚಿನ ಹಾಳೆ ಮಾಡಿದ್ದರು: ವಿಮಾನದ ಸಂಖ್ಯೆ, ಹಾರಿಸಿದವನ ಹೆಸರು, ಏರಿದ ವೇಳೆ, ಇಳಿದ ವೇಳೆ, ಷರಾ. ಮರಳದವನ ಸಾಲಿನಲ್ಲಿ ಇಳಿದ ವೇಳೆ ಇರುವುದಿಲ್ಲ. ನಮ್ಮ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಯಾವ ಕವಿಯೂ ಬರೆದಿಲ್ಲ. ‘ಕೊನೆಯ ಶತ್ರು’ ಕನ್ನಡಕ್ಕೆ ಬರಬೇಕೆಂಬುದು ನನ್ನ ಆಸೆ. ಆಸ್ಪತ್ರೆಯ ಅಧ್ಯಾಯಗಳಿಗಾಗಿ ಬರಬೇಕು. ಅನುವಾದಿಸುವವರು ಮೈಸೂರು ದಳದ ಕಡತವನ್ನೂ ತರಿಸಿ, ಅದರ ಹತ್ತು ಹಾಳೆಗಳನ್ನು ಹಿಂದೆ ಅನುಬಂಧವಾಗಿ ಅಚ್ಚು ಹಾಕಿದರೆ ಒಳ್ಳೆಯದು.

ಯುದ್ಧ ಮುಗಿದ ಮೇಲೆ ಆ ದಳ ಕೆಲವು ತಿಂಗಳು ನಾರ್ವೆಯಲ್ಲಿತ್ತು. 1946ರ ಸೆಪ್ಟೆಂಬರ್ 1ರಂದು ಅದರ ಸಂಖ್ಯೆಯನ್ನು ಬದಲಿಸಿ 257 ಎಂದು ಮಾಡಿದರು. ಆ ಸಂಖ್ಯೆಗೆ ಮೊದಲೇ ಬೇರೆ ಕಾಣಿಕೆಯ ಹೆಸರು ಅಂಟಿಕೊಂಡಿತ್ತಾಗಿ, ಅಂದಿನಿಂದ ಮೈಸೂರಿನವರು ಬರ್ಮಾದವರಾದರು.